ವೋಲ್ಟು ಎಲ್ಲಿ ಕಳೆದುಹೋಯಿತು? ಹಳೇ ಮಾರಿಸ್, ಅಂಬಾಸಿಡರ್‌ಗಳ ವೈರಿಂಗ್ ರಿಪೇರಿ

ಹಳೇ ಮಾರಿಸ್ ಮೈನರ್ ಅಥವಾ ಮೊದಮೊದಲ ಅಂಬಾಸಿಡರ್‌ನ ಹೆಡ್‌ಲೈಟ್ ಮಂಕಾದರೆ ಮೊದಲು ಬದಲಾಗುವುದು ಬಲ್ಬು. ಆಮೇಲೆ ಬ್ಯಾಟರಿ. ಅದಕ್ಕೂ ಬಗ್ಗದಿದ್ದರೆ ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಡೈನಮೋ ಬಿಚ್ಚಿ ರಿವೈಂಡಿಂಗ್‌ಗೆ ಕೊಡುತ್ತಾರೆ. ಇಷ್ಟು ಖರ್ಚಾದ ಮೇಲೂ ಬೆಳಕು ಹಾಗೆಯೇ ಇರುತ್ತದೆ. ಬಹುಪಾಲು ಸಲ ತೊಂದರೆ ಇರುವುದು ಈ ಮೂರರಲ್ಲಿ ಅಲ್ಲ, ಇವುಗಳ ನಡುವಿನ ಜೋಡಣೆಗಳಲ್ಲಿ.

ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗೆ ನೇರ ಅನುಪಾತದಲ್ಲಿ ಇಳಿಯುವುದಿಲ್ಲ. ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಅಂದರೆ ವೋಲ್ಟೇಜು ಶೇ 10 ಕಡಿಮೆಯಾದರೆ ಬೆಳಕು ಶೇ 30ರಷ್ಟು ಹೋಯಿತು. ಬ್ಯಾಟರಿಯಲ್ಲಿ 12.4 ವೋಲ್ಟ್ ಇದ್ದು ಬಲ್ಬಿಗೆ 10.4 ಮಾತ್ರ ತಲುಪುತ್ತಿದ್ದರೆ, ಸಿಗಬೇಕಾದ ಬೆಳಕಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಸಿಕ್ಕಿದರೆ ಪುಣ್ಯ. ಕಾಣೆಯಾದ ಆ 2 ವೋಲ್ಟ್ ದಾರಿಯಲ್ಲಿ ಎಲ್ಲೋ ಶಾಖವಾಗಿ ಖರ್ಚಾಗಿದೆ. ಎಲ್ಲಿ ಎಂದು ಹುಡುಕುವುದೇ ಹಳೇ ಕಾರಿನ ವೈರಿಂಗ್ ಕೆಲಸದ ಮುಕ್ಕಾಲು ಪಾಲು.

ಈ ಹುಡುಕಾಟದಲ್ಲಿ ಮಲ್ಟಿಮೀಟರಿನಲ್ಲಿ ರೋಧ ಅಳೆಯುವ ಓಮ್ ರೇಂಜನ್ನು, 'ಬೀಪ್' ಅನ್ನುವ ಕಂಟಿನ್ಯೂಟಿ ಪರೀಕ್ಷೆಯನ್ನು ನಂಬಿದವರು ಮೋಸ ಹೋಗುತ್ತಾರೆ. 28 ಎಳೆಗಳ ವೈರಿನಲ್ಲಿ 27 ಎಳೆ ತುಂಡಾಗಿ ಒಂದೇ ಉಳಿದಿದ್ದರೂ ಮೀಟರ್ ಸಂತೋಷದಿಂದ 'ಬೀಪ್' ಎನ್ನುತ್ತದೆ. ಅದು ವೈರಿನೊಳಗೆ ಹರಿಸುವುದು ಒಂದೆರಡು ಮಿಲಿಆಂಪಿಯರ್ ಮಾತ್ರ, ಆ ಒಂದು ಎಳೆಗೆ ಅದು ಭಾರವೇ ಅಲ್ಲ. ಕಿಲುಬು ಹಿಡಿದ ಜೋಡಣೆಯದೂ ಅದೇ ಕಥೆ. ಅಲ್ಲಿ 0.1 ಓಮ್ ರೋಧವಿದ್ದರೆ ಸಾಮಾನ್ಯ ಮೀಟರಿನಲ್ಲಿ ಅದು ಪ್ರೋಬುಗಳ ಸ್ವಂತ ರೋಧದಲ್ಲೇ ಮುಚ್ಚಿಹೋಗುತ್ತದೆ. ಆದರೆ ಅದೇ 0.1 ಓಮ್ ಮೂಲಕ ಹೆಡ್‌ಲೈಟಿನ 10 ಆಂಪಿಯರ್ ಹರಿದಾಗ 1 ವೋಲ್ಟ್ ನಷ್ಟ, ಕಡಲೆಕಾಯಿಯಷ್ಟು ಜಾಗದಲ್ಲಿ 10 ವಾಟ್ ಶಾಖ. ದೋಷ ಕಾಣುವುದು ಕರೆಂಟು ಹರಿಯುವಾಗ ಮಾತ್ರ.

ಹಾಗಾಗಿ ಅಳೆಯಬೇಕಾದದ್ದು ಓಮ್ ಅಲ್ಲ, ವೋಲ್ಟೇಜ್ ಡ್ರಾಪ್. ಮೀಟರನ್ನು 20 ವೋಲ್ಟ್ ಡಿಸಿ ರೇಂಜಿಗಿಟ್ಟು ಹೆಡ್‌ಲೈಟ್ ಹಾಕಿ. ಒಂದು ಪ್ರೋಬ್ ಬ್ಯಾಟರಿಯ ಲೈವ್ ಕಂಬದ (ಕಾರಿನ ಬಾಡಿಗೆ ಸೇರದ ಕಂಬ) ಮೇಲೆ, ಅಂದರೆ ಸೀಸದ ಕಂಬದ ಮೇಲೆಯೇ, ಅದರ ಕ್ಲ್ಯಾಂಪಿನ ಮೇಲಲ್ಲ. ಇನ್ನೊಂದು ಬಲ್ಬ್ ಹೋಲ್ಡರಿಗೆ ಬರುವ ಲೈವ್ ಟರ್ಮಿನಲ್ ಮೇಲೆ. ಬಲ್ಬು ಉರಿಯುತ್ತಲೇ ಇರಬೇಕು. ಮೀಟರ್ ತೋರಿಸುವ ಅಂಕಿಯೇ ಲೈವ್ ಕಡೆ ಕಳೆದುಹೋದ ವೋಲ್ಟೇಜು. 0.5 ವೋಲ್ಟ್ ಒಳಗಿದ್ದರೆ ಸರಿ. ಹೆಚ್ಚಿದ್ದರೆ ಎರಡನೇ ಪ್ರೋಬನ್ನು ಒಂದೊಂದೇ ಜೋಡಣೆ ಹಿಂದಕ್ಕೆ ತನ್ನಿ: ಮುಂಭಾಗದ ಬುಲೆಟ್ ಕನೆಕ್ಟರ್ (ಗುಂಡಿನಾಕಾರದ ತುದಿಯನ್ನು ತೂರಿಸಿ ವೈರು ಸೇರಿಸುವ ಜೋಡಣೆ), ಕಾಲಿನಿಂದ ಒತ್ತುವ ಡಿಪ್ ಸ್ವಿಚ್‌ನ ಎರಡೂ ಬದಿ, ಲೈಟ್ ಸ್ವಿಚ್‌ನ ಎರಡೂ ಬದಿ, ಡೈನಮೋದ ಕರೆಂಟನ್ನು ಹತೋಟಿಯಲ್ಲಿಡುವ ಕಂಟ್ರೋಲ್ ಬಾಕ್ಸ್, ಕೊನೆಗೆ ಸೆಲ್ಫ್ ಮೋಟರಿಗೆ ಕರೆಂಟು ಬಿಡುವ ಸೊಲೆನಾಯ್ಡ್ ಸ್ವಿಚ್ಚು. ಅಂಕಿ ಎಲ್ಲಿ ದಿಢೀರನೆ ಇಳಿಯುತ್ತದೋ, ದೋಷ ಆ ಎರಡು ಬಿಂದುಗಳ ನಡುವೆ ಇದೆ. ಲೈಟ್ ಸ್ವಿಚ್ ಒಂದೇ 0.6 ಅಥವಾ 0.7 ವೋಲ್ಟ್ ನುಂಗುವುದು ಈ ಕಾರುಗಳಲ್ಲಿ ಅಪರೂಪವಲ್ಲ.

ಇದೇ ಪರೀಕ್ಷೆಯನ್ನು ಅರ್ಥ್ ಕಡೆಗೂ, ಅಂದರೆ ಕರೆಂಟು ಕಾರಿನ ಲೋಹದ ಬಾಡಿಯ ಮೂಲಕ ಬ್ಯಾಟರಿಗೆ ವಾಪಸಾಗುವ ದಾರಿಗೂ, ಮಾಡಬೇಕು. ಬ್ಯಾಟರಿಯ ಅರ್ಥ್ ಕಂಬದಿಂದ ಬಲ್ಬ್ ಹೋಲ್ಡರಿನ ಲೋಹದ ಮೈಗೆ ಅಳೆದರೆ 0.2 ವೋಲ್ಟಿಗಿಂತ ಹೆಚ್ಚು ಬರಬಾರದು. ಹೆಚ್ಚಿನ ರಿಪೇರಿಗಳು ಸೋಲುವುದು ಇಲ್ಲೇ. ಕಣ್ಣಿಗೆ ಕಾಣುವ ಬಣ್ಣಬಣ್ಣದ ವೈರುಗಳನ್ನೆಲ್ಲ ಬದಲಿಸಿ, ಸರ್ಕ್ಯೂಟಿನ ಉಳಿದರ್ಧವನ್ನು ತುಕ್ಕು ಹಿಡಿದ ಒಂದು ಸ್ಕ್ರೂವಿಗೆ ಬಿಟ್ಟಿರುತ್ತಾರೆ. ಬಲಕ್ಕೆ ಇಂಡಿಕೇಟರ್ ಹಾಕಿದರೆ ಆ ಬದಿಯ ಟೇಲ್ ಲ್ಯಾಂಪೂ ಜೊತೆಗೆ ಮಿಣುಕುವುದು, ಬ್ರೇಕ್ ಒತ್ತಿದರೆ ಪಾರ್ಕಿಂಗ್ ದೀಪ ಸಣ್ಣಗೆ ಹೊತ್ತುವುದು, ಇವಕ್ಕೆಲ್ಲ ಒಂದೇ ಕಾರಣ. ಆ ಲ್ಯಾಂಪಿನ ಅರ್ಥ್ ಸತ್ತಿದೆ, ಕರೆಂಟು ವಾಪಸ್ ಹೋಗಲು ಪಕ್ಕದ ಬಲ್ಬಿನ ಫಿಲಮೆಂಟನ್ನೇ ದಾರಿ ಮಾಡಿಕೊಂಡಿದೆ. ಎಂಜಿನ್ನಿನಿಂದ ಬಾಡಿಗೆ ಬರುವ ಹೆಣೆದ ತಾಮ್ರದ ಪಟ್ಟಿಯನ್ನು ಮರೆತು ಎಂಜಿನ್ ಕೂರಿಸಿದರೆ ಇನ್ನೂ ಕೆಟ್ಟದು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕುಳಿತಿರುವುದರಿಂದ ಸೆಲ್ಫ್ ಮೋಟರಿನ ನೂರಾರು ಆಂಪಿಯರ್ ಕರೆಂಟು ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ವಾಪಸಾಗುತ್ತದೆ. ಚೋಕ್ ಎಳೆಯುವ ಗುಂಡಿ ಬಿಸಿಯಾಗಿದ್ದರೆ ಮೊದಲು ಆ ಪಟ್ಟಿಯನ್ನು ನೋಡಿ.

ಅರ್ಥ್ ಸರಿಪಡಿಸುವುದು ಸುಲಭ, ಬೇಸರದ ಕೆಲಸ ಅಷ್ಟೆ. ಸ್ಕ್ರೂ ಬಿಚ್ಚಿ, ಸುತ್ತಲಿನ ಪೇಂಟನ್ನು ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ವೈರಿನ ತುದಿಯ ಲೋಹದ ಲಗ್ಗನ್ನೂ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬಿಗಿಮಾಡಿ. ಪೆಟ್ರೋಲಿಯಂ ಜೆಲ್ಲಿಯನ್ನು ಬಿಗಿದ ಮೇಲೆ ಹಚ್ಚಬೇಕು, ಮೊದಲಲ್ಲ. ಮಂಗಳೂರು, ಉಡುಪಿ ಕಡೆಯ ಕಾರುಗಳಲ್ಲಿ ಇದನ್ನು ಇನ್ನೂ ಬೇಗ ಬೇಗ ಮಾಡಬೇಕಾಗುತ್ತದೆ. ಉಪ್ಪಿನ ಗಾಳಿ ಮತ್ತು ತೇವ ಸೇರಿದಲ್ಲಿ ಉಕ್ಕಿನ ಬಾಡಿ, ಹಿತ್ತಾಳೆಯ ಲಗ್ಗು ಒಂದನ್ನೊಂದು ಮುಟ್ಟಿಕೊಂಡ ಜಾಗವೇ ಸಣ್ಣದೊಂದು ಬ್ಯಾಟರಿಯಾಗಿ, ಉಕ್ಕು ಕರಗುತ್ತಾ ಹೋಗುತ್ತದೆ.

ವೈರು ಮುದಿಯಾಗುವುದು ಎರಡು ಬಗೆಯಲ್ಲಿ. 1950ರ ದಶಕದ ಕಾರುಗಳಲ್ಲಿ ತಾಮ್ರದ ಎಳೆಗಳ ಮೇಲೆ ರಬ್ಬರ್, ಅದರ ಮೇಲೆ ಹತ್ತಿಯ ನೇಯ್ಗೆ ಇರುತ್ತಿತ್ತು. ರಬ್ಬರ್ ಗಟ್ಟಿಯಾಗಲೆಂದು ಸೇರಿಸಿದ ಗಂಧಕ ಬರಿ ತಾಮ್ರವನ್ನು ಕಪ್ಪಾಗಿಸುತ್ತದೆ. ತಾಮ್ರವೋ ರಬ್ಬರಿನ ಉತ್ಕರ್ಷಣೆಯನ್ನು ಚುರುಕುಗೊಳಿಸುತ್ತದೆ. ಇವೆರಡನ್ನೂ ದೂರವಿಡಲೆಂದೇ ಆ ಕಾಲದ ವೈರುಗಳಿಗೆ ಕಲಾಯಿ ಹಾಕುತ್ತಿದ್ದರು. ಹತ್ತಿಯ ಹೊರಮೈ ನೋಡಲು ಚೆನ್ನಾಗಿದ್ದು, ಬಾಗಿಸಿದರೆ ಒಳಗಿನ ರಬ್ಬರ್ ಪುಡಿಪುಡಿಯಾಗಿ ಉದುರುತ್ತದೆ. ಮುಂದೆ ಬಂದ ಪಿವಿಸಿಯನ್ನು ಮೆತ್ತಗಿಡುವ ಎಣ್ಣೆಯಂಥ ಪದಾರ್ಥ ದಶಕಗಳಲ್ಲಿ, ಅದರಲ್ಲೂ ಎಂಜಿನ್ನಿನ ಬಿಸಿಯಲ್ಲಿ, ಆರಿಹೋಗಿ ಹೊದಿಕೆ ಬಿರುಸಾಗುತ್ತದೆ. ಶೆಡ್ಡಿನಲ್ಲಿ ನಿಂತ ಕಾರಾದರೆ ಇಲಿಗಳ ಪಾಲು ಬೇರೆ.

ಬದಲಿಸುವಾಗ ದಪ್ಪದ ಲೆಕ್ಕ ಮುಖ್ಯ. ಈ ಕಾರುಗಳ ವೈರನ್ನು ಎಳೆಗಳ ಲೆಕ್ಕದಲ್ಲಿ ಹೇಳುತ್ತಿದ್ದರು. 0.012 ಇಂಚಿನ, ಅಂದರೆ ಸುಮಾರು 0.30 ಮಿ.ಮೀ. ವ್ಯಾಸದ 14 ಎಳೆ, 28 ಎಳೆ, 44 ಎಳೆ. ಇಂದಿನ ಅಳತೆಯಲ್ಲಿ ಇವು ಕ್ರಮವಾಗಿ 1, 2 ಮತ್ತು 3 ಚದರ ಮಿ.ಮೀ. ಪಾರ್ಕಿಂಗ್ ದೀಪ, ಇಂಡಿಕೇಟರುಗಳಿಗೆ 1 ಸಾಕು, ಅದು 8 ಆಂಪಿಯರ್ ಚಿಲ್ಲರೆ ತಡೆಯುತ್ತದೆ. ಹೆಡ್‌ಲೈಟಿಗೆ 2, ಅದರ ಮಿತಿ ಸುಮಾರು 17 ಆಂಪಿಯರ್. ಬ್ಯಾಟರಿಯಿಂದ ಬರುವ ಮುಖ್ಯ ಲೈನಿಗೆ ಕನಿಷ್ಠ 3. ವೈರು ಸರಿಯಿದ್ದರೆ ನಷ್ಟ ಎಷ್ಟೆಂದು ಲೆಕ್ಕ ಹಾಕಿ ನೋಡಬಹುದು: 2 ಚದರ ಮಿ.ಮೀ. ತಾಮ್ರದ ರೋಧ ಮೀಟರಿಗೆ 0.0086 ಓಮ್, 3 ಮೀಟರ್ ಉದ್ದಕ್ಕೆ 10 ಆಂಪಿಯರ್ ಹರಿದರೆ 0.26 ವೋಲ್ಟ್. ಕಾಣೆಯಾದ 2 ವೋಲ್ಟಿನಲ್ಲಿ ವೈರಿನ ಪಾಲು ಇಷ್ಟೇ, ಉಳಿದದ್ದೆಲ್ಲ ಜೋಡಣೆಗಳದು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಆಟೊ ಕೇಬಲ್ ಸಲೀಸಾಗಿ ಸಿಗುವಾಗ ಮನೆ ವೈರಿಂಗಿನ ವೈರನ್ನು ಕಾರಿಗೆ ಎಳೆಯುವ ಜುಗ್ಗತನ ಬೇಡ. ಅದರಲ್ಲಿ ಎಳೆಗಳು ಕಡಿಮೆ, ಅದುರುವಿಕೆಗೆ ತುಂಡಾಗುತ್ತವೆ. ಎಂಜಿನ್ ಆಯಿಲ್ ತಾಗಿದರೆ ಅದರ ಹೊದಿಕೆ ಬಾಳುವುದೂ ಇಲ್ಲ.

ಬಣ್ಣಗಳನ್ನು ಮಾತ್ರ ಹಾಗೇ ಉಳಿಸಿಕೊಳ್ಳಿ. ಈ ಕಾರುಗಳಿಗೆ ಎಲೆಕ್ಟ್ರಿಕ್ ಸಾಮಾನು ಮಾಡುತ್ತಿದ್ದ ಬ್ರಿಟಿಷ್ ಕಂಪನಿ ಲ್ಯೂಕಾಸ್‌ನ ಪದ್ಧತಿಯಲ್ಲಿ ಕಂದು ಎಂದರೆ ಬ್ಯಾಟರಿಯಿಂದ ನೇರ, ಫ್ಯೂಸಿಲ್ಲದ ಲೈನು. ಬಿಳಿ ಇಗ್ನಿಷನ್ ಕೀಲಿಯಿಂದ ಬರುವುದು, ಅದಕ್ಕೂ ಫ್ಯೂಸಿಲ್ಲ. ಹಸಿರು ಅದೇ ಲೈನು ಫ್ಯೂಸ್ ದಾಟಿದ ಮೇಲೆ, ನೇರಳೆ ಸದಾ ಜೀವವಿರುವ ಫ್ಯೂಸ್ ಲೈನು. ಕೆಂಪು ಪಾರ್ಕಿಂಗ್ ಮತ್ತು ಟೇಲ್ ದೀಪಕ್ಕೆ, ನೀಲಿ ಹೆಡ್‌ಲೈಟಿಗೆ, ಕಪ್ಪು ಅರ್ಥ್. ನೀಲಿಯ ಮೇಲೆ ಬಿಳಿ ಗೆರೆ ಇದ್ದರೆ ಬ್ರೈಟ್, ಕೆಂಪು ಗೆರೆ ಇದ್ದರೆ ಡಿಪ್. ಸಿಕ್ಕಿದ ಬಣ್ಣದ ವೈರು ಹಾಕಿದರೆ ಇವತ್ತು ಕಾರು ಓಡುತ್ತದೆ, ಹತ್ತು ವರ್ಷದ ಮೇಲೆ ಅದನ್ನು ಬಿಚ್ಚುವವರು ಶಪಿಸುತ್ತಾರೆ.

ಜೋಡಣೆಯ ವಿಷಯದಲ್ಲಿ ರಸ್ತೆಬದಿಯ ಪದ್ಧತಿ ಎಲ್ಲರಿಗೂ ಗೊತ್ತು: ಎರಡು ತುದಿ ಸುಲಿದು, ತಿರುಚಿ, ಮೇಲೆ ಇನ್ಸುಲೇಶನ್ ಟೇಪು. ಬಿಸಿಗೆ ಟೇಪಿನ ಅಂಟು ಕರಗುತ್ತದೆ, ಟೇಪು ಜಾರುತ್ತದೆ, ಎಳೆಗಳ ನಡುವೆ ಗಾಳಿ ಆಡಿ ತಾಮ್ರ ಕಪ್ಪಾಗುತ್ತದೆ. ಇಂಥ ಗಂಟು ಎಲ್ಲಿ ಕಂಡರೂ ಕತ್ತರಿಸಿ ತೆಗೆಯಬೇಕು. ಹೊಸ ಜೋಡಣೆಗೆ ವೈರಿನ ದಪ್ಪಕ್ಕೆ ಸರಿಹೊಂದುವ ಲಗ್ಗು ಮತ್ತು ಲಗ್ಗನ್ನು ವೈರಿನ ಮೇಲೆ ಅದುಮಿ ಹಿಡಿಸುವ, ಪೂರ್ತಿ ಅದುಮುವವರೆಗೆ ಬಿಡದ ರ್‍ಯಾಚೆಟ್ ಇರುವ ಕ್ರಿಂಪಿಂಗ್ ಪ್ಲೈಯರ್ ಬೇಕು. ಮಾಮೂಲಿ ಕಟಿಂಗ್ ಪ್ಲೈಯರಿನಲ್ಲಿ ಅದುಮಿದ್ದು ಕ್ರಿಂಪ್ ಅಲ್ಲ. ಸರಿಯಾದ ಒತ್ತಡಕ್ಕೆ ಎಳೆಗಳು ಮತ್ತು ಲಗ್ಗು ಒಂದಕ್ಕೊಂದು ಅಚ್ಚೊತ್ತಿ, ನಡುವೆ ಗಾಳಿ ನುಗ್ಗಲು ಸಂದೇ ಉಳಿಯುವುದಿಲ್ಲ. ಬಲವಾಗಿ ಎಳೆದು ನೋಡಿ, ಕಿತ್ತು ಬಂದರೆ ಈಗಲೇ ಬರಲಿ.

ಬ್ರಿಟಿಷ್ ಕಾರುಗಳ 4.7 ಮಿ.ಮೀ. ಹಿತ್ತಾಳೆ ಬುಲೆಟ್‌ಗಳಿಗೆ ಮಾತ್ರ ಬೆಸುಗೆಯೇ ಚೆಂದ. ವೈರು ಸುಲಿದು, ಎಳೆಗಳು ಬುಲೆಟಿನ ಮೂತಿಯ ತೂತಿನಿಂದ ಚೂರು ಹೊರಗೆ ಇಣುಕುವಂತೆ ತೂರಿಸಿ, ಕಾಯಿಸಿ, ಮೂತಿಯ ಕಡೆಯಿಂದ ಸೋಲ್ಡರ್ ಹರಿಸಿ. ಮಿಕ್ಕ ಎಳೆಗಳನ್ನು ಕತ್ತರಿಸಿ ಅರದಿಂದ ನುಣುಪು ಮಾಡಿ. ಸೋಲ್ಡರ್ ಹೆಚ್ಚಾಗಿ ವೈರಿನೊಳಗೆ ಹೀರಿಕೊಂಡು ಹೋದರೆ ಅಷ್ಟುದ್ದ ವೈರು ಕಡ್ಡಿಯಂತಾಗಿ, ಅದು ಮುಗಿಯುವ ಅಂಚಿನಲ್ಲೇ ಅದುರುವಿಕೆಗೆ ಮುರಿಯುತ್ತದೆ. ರಾಳವಿರುವ 60/40 ಸೋಲ್ಡರ್ (ತವರ 60, ಸೀಸ 40 ಪಾಲು) ಬಳಸಿ. ಪಾತ್ರೆ ಬೆಸುಗೆಯವರ ಆಸಿಡ್ ತಾಗಿಸಬೇಡಿ, ಅದು ಒಳಗೇ ಉಳಿದು ವರ್ಷದೊಳಗೆ ಹಸಿರು ಕಿಲುಬು ತರುತ್ತದೆ. ವೈರು ಸುಲಿದಾಗ ಎಳೆ ಕಪ್ಪಾಗಿ ಕಂಡರೆ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸುತ್ತಾ ಹೋಗಿ. ಒಂದಡಿ ಕತ್ತರಿಸಿದರೂ ಸಿಗದಿದ್ದರೆ ಆ ವೈರನ್ನು ಪೂರ್ತಿ ಬದಲಿಸುವುದೇ ಲೇಸು.

ಇನ್ನು ಬೆಂಕಿಯ ವಿಷಯ. ಈ ಕಾರುಗಳ ಫ್ಯೂಸ್ ಬಾಕ್ಸಿನಲ್ಲಿ ಇರುವುದು ಎರಡೇ ಫ್ಯೂಸು. ಹೆಡ್‌ಲೈಟಿಗೆ ಇಲ್ಲ, ಇಗ್ನಿಷನ್ನಿಗೆ ಇಲ್ಲ, ಕಂದು ಲೈನಿಗಂತೂ ಇಲ್ಲವೇ ಇಲ್ಲ. 2 ಮೀಟರ್ ಉದ್ದದ 2 ಚದರ ಮಿ.ಮೀ. ಕಂದು ವೈರೊಂದು ಬಾಡಿಗೆ ತಾಗಿತು ಎನ್ನಿ. ಅದರ ರೋಧ 0.017 ಓಮ್. ಬ್ಯಾಟರಿ, ಕೇಬಲ್ ಸೇರಿ ಇನ್ನೊಂದು 0.015 ಎಂದು ಹಿಡಿದರೆ ಹರಿಯುವ ಕರೆಂಟು 350 ಆಂಪಿಯರ್ ದಾಟುತ್ತದೆ, ವೈರಿನಲ್ಲಿ ಹುಟ್ಟುವ ಶಾಖ 2 ಕಿಲೋವಾಟಿಗೂ ಮೇಲೆ. ಅಷ್ಟು ವೈರಿನಲ್ಲಿರುವ ತಾಮ್ರ ಬರೀ 36 ಗ್ರಾಂ. ಅದು ಸೆಕೆಂಡಿಗೆ 160 ಡಿಗ್ರಿಗೂ ಹೆಚ್ಚು ಕಾಯುತ್ತದೆ. ಎರಡು ಸೆಕೆಂಡಿನೊಳಗೆ ಪಿವಿಸಿ ಕರಗಿ ಹೊಗೆಯೇಳುತ್ತದೆ, ಅದೇ ಕಟ್ಟಿನಲ್ಲಿರುವ ಅಕ್ಕಪಕ್ಕದ ವೈರುಗಳ ಹೊದಿಕೆಯನ್ನೂ ಕರಗಿಸುತ್ತದೆ. ಬಾನೆಟ್ ಎತ್ತುವಷ್ಟರಲ್ಲಿ ಕಥೆ ಮುಗಿದಿರುತ್ತದೆ.

ಇದ್ದ ಎರಡು ಫ್ಯೂಸಿನಲ್ಲೂ ಒಂದು ಅಪಾಯ ಅಡಗಿದೆ. ಲ್ಯೂಕಾಸ್ ಗಾಜಿನ ಫ್ಯೂಸಿನ ಮೇಲೆ 35 ಎಂದು ಬರೆದಿದ್ದರೆ ಅದು ಸುಟ್ಟುಹೋಗುವ ಕರೆಂಟು. ಸತತವಾಗಿ ತಡೆಯುವುದು ಅದರ ಅರ್ಧ, 17ರ ಆಸುಪಾಸು. ಇಂದಿನ ಅಂಗಡಿಯಲ್ಲಿ ಕೊಡುವ ಫ್ಯೂಸಿನ ಮೇಲಿನ ಅಂಕಿ ಸತತ ಕರೆಂಟಿನದು. 35ಕ್ಕೆ 35 ಎಂದು ಹಾಕಿದರೆ ಫ್ಯೂಸಿಗಿಂತ ಮೊದಲು ವೈರೇ ಸುಡುತ್ತದೆ. ಅಲ್ಲಿಗೆ 15 ಸಾಕು.

ಹೆಡ್‌ಲೈಟಿಗೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು, ಹಾಕುವುದು ಮೂಲದಲ್ಲಿಲ್ಲದ ಬದಲಾವಣೆಯಾದರೂ ತಪ್ಪೆನ್ನಲಾಗದು. ಆ ಸ್ವಿಚ್ಚು ತಯಾರಾದದ್ದು 42 ವಾಟಿನ ಎರಡು ಬಲ್ಬಿಗೆ, ಅಂದರೆ 7 ಆಂಪಿಯರಿಗೆ. ಈಗ 60 ವಾಟಿನ ಹ್ಯಾಲೋಜನ್ ಹಾಕಿದರೆ 10 ಆಂಪಿಯರ್, 100 ವಾಟಿನದಾದರೆ 17. ಬ್ರೈಟಿಗೊಂದು, ಡಿಪ್ಪಿಗೊಂದು ರಿಲೇ ಹಾಕಿ, ಸೊಲೆನಾಯ್ಡಿನಿಂದ 3 ಚದರ ಮಿ.ಮೀ. ವೈರಿನಲ್ಲಿ ಲೈನು ತಂದು, ಹೊರಟ ಜಾಗದಲ್ಲೇ 20 ಆಂಪಿಯರ್ ಫ್ಯೂಸ್ ಕೂರಿಸಿದರೆ ಹಳೇ ಸ್ವಿಚ್ಚಿನ ಮೇಲೆ ಬೀಳುವುದು ರಿಲೇ ಕಾಯಿಲಿನ 0.2 ಆಂಪಿಯರ್ ಮಾತ್ರ. ಆದರೆ ಡೈನಮೋ ಕೊಡುವುದೇ 20 ಆಂಪಿಯರ್ ಆಸುಪಾಸು. ಹೆಡ್‌ಲೈಟಿಗೆ 10, ಪಾರ್ಕಿಂಗ್ ದೀಪಕ್ಕೆ 2, ಇಗ್ನಿಷನ್ನಿಗೆ 3 ಅಥವಾ 4, ವೈಪರಿಗೆ 3 ಹೋದರೆ ಮಳೆಗಾಲದ ರಾತ್ರಿ ಕೈಯಲ್ಲಿ ಉಳಿಯುವುದು ಹೆಚ್ಚೇನಿಲ್ಲ. 100 ವಾಟಿನ ಬಲ್ಬಿನ ಆಸೆ ಬಿಡುವುದೇ ಒಳ್ಳೆಯದು.

1960ರ ದಶಕದ ಮಧ್ಯದವರೆಗೆ ಬಹುತೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕಂಬ ಬಾಡಿಗೆ ಸೇರಿರುತ್ತಿತ್ತು. ಆದರೆ ತಯಾರಾದ ವರ್ಷ ನೋಡಿ ತೀರ್ಮಾನಿಸಬೇಡಿ, ನಡುವೆ ಯಾರಾದರೂ ತಿರುಗಿಸಿರಬಹುದು. ಬಾಡಿಗೆ ಹೋಗುವ ಕೇಬಲ್ ಯಾವ ಕಂಬದ್ದೆಂದು ಕಣ್ಣಾರೆ ನೋಡಿ. ಬಲ್ಬು, ಸೆಲ್ಫ್ ಮೋಟರುಗಳಿಗೆ ದಿಕ್ಕಿನ ಹಂಗಿಲ್ಲ. ಎಲ್‌ಇಡಿ, ಇಂಡಿಕೇಟರ್ ಮಿಣುಕಿಸುವ ಎಲೆಕ್ಟ್ರಾನಿಕ್ ಫ್ಲಾಶರ್, ರೇಡಿಯೋ ತಲೆಕೆಳಗಾದರೆ ಕೆಡುತ್ತವೆ. ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುವ ರಿಲೇ ಕೂಡ. ನೀವೇ ತಿರುಗಿಸುವುದಾದರೆ ಇಗ್ನಿಷನ್ ಕಾಯಿಲಿನ ಎರಡು ಸಣ್ಣ ವೈರುಗಳನ್ನು ಅದಲುಬದಲು ಮಾಡಬೇಕು. ಡೈನಮೋಗೂ ಹೊಸ ದಿಕ್ಕು ಕಲಿಸಬೇಕು: ಅದರ ಎರಡೂ ವೈರು ಕಳಚಿ, ಬ್ಯಾಟರಿಯ ಲೈವ್ ಕಂಬದಿಂದ ಒಂದು ವೈರು ತಂದು ಡೈನಮೋದ ಚಿಕ್ಕ ಟರ್ಮಿನಲ್ಲಿಗೆ, ಅಂದರೆ ಫೀಲ್ಡಿಗೆ, ಒಂದೆರಡು ಸೆಕೆಂಡು ನಾಲ್ಕಾರು ಸಲ ತಾಗಿಸಿದರೆ ಆಯಿತು.

ಎಲ್ಲ ಮುಗಿದ ಮೇಲೆ ಬ್ಯಾಟರಿಯನ್ನು ನೇರವಾಗಿ ಜೋಡಿಸಬೇಡಿ. ಅರ್ಥ್ ಕಂಬ ಮತ್ತು ಅರ್ಥ್ ಕೇಬಲ್ ನಡುವೆ 21 ವಾಟಿನ ಇಂಡಿಕೇಟರ್ ಬಲ್ಬೊಂದನ್ನು ಸೇರಿಸಿ. ಎಲ್ಲಿ ಶಾರ್ಟ್ ಇದ್ದರೂ ಈಗ ಹರಿಯುವುದು 1.75 ಆಂಪಿಯರ್ ಮಾತ್ರ, ವೈರು ಸುಡುವುದಿಲ್ಲ. ಎಲ್ಲ ಸ್ವಿಚ್ಚೂ ಆಫ್ ಇದ್ದಾಗ ಬಲ್ಬು ಕಪ್ಪಗಿರಬೇಕು. ಪೂರ್ತಿ ಉರಿದರೆ ಶಾರ್ಟ್ ಇದೆ, ಒಂದೊಂದೇ ಕನೆಕ್ಟರ್ ಕಳಚುತ್ತಾ ಬಲ್ಬು ಆರುವ ಜಾಗ ಹುಡುಕಿ. ಪಾರ್ಕಿಂಗ್ ದೀಪ ಹಾಕಿದರೆ ಅದು ಅರೆಮಂಕಾಗಿ ಹೊತ್ತುವುದು ಸರಿಯಾದ ಲಕ್ಷಣ. ಹೀಗೆ ಒಂದೊಂದೇ ಸರ್ಕ್ಯೂಟ್ ನೋಡಿಕೊಂಡು, ಬಲ್ಬು ತೆಗೆದು ಕೇಬಲ್ ಬಿಗಿಮಾಡಿ, ಹೆಡ್‌ಲೈಟ್ ಹಾಕಿ ಅರ್ಧ ಗಂಟೆ ಎಂಜಿನ್ ಓಡಿಸಿ. ಆಮೇಲೆ ಎಂಜಿನ್ ಆಫ್ ಮಾಡಿ ಫ್ಯೂಸ್ ಕ್ಲಿಪ್ಪು, ಬುಲೆಟ್, ಸ್ವಿಚ್ಚಿನ ಹಿಂಭಾಗಗಳನ್ನು ಬೆರಳಿನಿಂದ ಮುಟ್ಟುತ್ತಾ ಬನ್ನಿ. ಸುತ್ತಲಿನದಕ್ಕಿಂತ ಬಿಸಿಯಾಗಿರುವ ಜೋಡಣೆ ಸಿಕ್ಕಿದರೆ ಅದನ್ನು ಇನ್ನೊಮ್ಮೆ ಬಿಚ್ಚಿ ಮಾಡಬೇಕು.