ಚಾರ್ಜ್ ನಿಲ್ಲೋದು ಬೇರೆ, ಬ್ಯಾಟರಿ ಬಾಳಿಕೆ ಬರೋದು ಬೇರೆ

"ಹಳೇ ಬಟನ್ ಸೆಟ್ಟು ವಾರಗಟ್ಟಲೆ ಬರ್ತಿತ್ತು. ಆಗಿನ ಬ್ಯಾಟರಿಗಳೇ ಗಟ್ಟಿ." ಈ ಮಾತು ಕೇಳದ ಮನೆಯಿಲ್ಲ. ನಾನೂ ನಂಬಿದ್ದೆ. ಒಂದು ಸಂಜೆ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿದ ಮೇಲೆ ನಂಬಿಕೆ ಕೈಕೊಟ್ಟಿತು. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

2003ರಲ್ಲಿ ಬಂದ ನೋಕಿಯಾ 1100 ತೆಗೆದುಕೊಳ್ಳೋಣ, ತಲೆಯ ಮೇಲೆ ಟಾರ್ಚ್ ಇದ್ದದ್ದು. ಹಿಂದಿನ ಕವರ್ ಜಾರಿಸಿದರೆ ಬಿಎಲ್-5ಸಿ ಬ್ಯಾಟರಿ. ಬೆಂಕಿಪೊಟ್ಟಣಕ್ಕಿಂತ ತೆಳ್ಳಗೆ, 850 ಎಂಎಎಚ್ (ಮಿಲಿಆಂಪಿಯರ್-ಅವರ್, ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ), 3.7 ವೋಲ್ಟ್. ಇಲ್ಲಿ ಒಂದು ಎಚ್ಚರಿಕೆ: ಎಂಎಎಚ್ ಒಂದನ್ನೇ ನೋಡಿದರೆ ಶಕ್ತಿ ಎಷ್ಟಿದೆ ಅಂತ ಗೊತ್ತಾಗುವುದಿಲ್ಲ. ಅದನ್ನು ವೋಲ್ಟ್‌ನಿಂದ ಗುಣಿಸಬೇಕು. 850 ಎಂಎಎಚ್ ಅಂದರೆ 0.85 ಆಂಪಿಯರ್-ಅವರ್. 0.85 × 3.7, ಅಂದರೆ ಸುಮಾರು 3.1 ವ್ಯಾಟ್-ಅವರ್ (ಗಂಟೆಗೆ ಒಂದು ವ್ಯಾಟ್‌ನಂತೆ ಖರ್ಚಾದರೆ 3.1 ಗಂಟೆ ಬರುವಷ್ಟು ಶಕ್ತಿ). ಈಗಿನ 5000 ಎಂಎಎಚ್ ಫೋನಿನಲ್ಲಿ ಅದೇ ಲೆಕ್ಕ ಸುಮಾರು 19 ಬರುತ್ತದೆ. ಹೊಸದರಲ್ಲಿ ಆರು ಪಟ್ಟು ಜಾಸ್ತಿ ಶಕ್ತಿ ತುಂಬಿದೆ.

ಈಗ ಖರ್ಚು ನೋಡಿ. ಹಳೆಯದು 3.1 ವ್ಯಾಟ್-ಅವರ್ ಅನ್ನು ಒಂದು ವಾರ, ಅಂದರೆ 168 ಗಂಟೆ ಎಳೆದರೆ ಸರಾಸರಿ 0.02 ವ್ಯಾಟ್‌ಗಿಂತ ಕಡಿಮೆ. ಹೊಸದು 19 ಅನ್ನು ಒಂದೇ ದಿನಕ್ಕೆ ಮುಗಿಸಿದರೆ 0.8 ವ್ಯಾಟ್. ಹೊಟ್ಟೆ ಆರು ಪಟ್ಟು, ಹಸಿವು ನಲವತ್ತು ಪಟ್ಟು!

ಈ ಹಸಿವು ಎಲ್ಲಿಂದ ಬಂತು? ಮೊದಲು ಪರದೆ. 1100ರಲ್ಲಿ 96 × 65, ಅಂದರೆ 6,240 ಚುಕ್ಕಿ. 1080 × 2400 ಪರದೆಯಲ್ಲಿ 25,92,000 ಚುಕ್ಕಿ, ಅದೂ ಬಣ್ಣದ್ದು. ಸ್ಕ್ರೋಲ್ ಮಾಡುವಾಗ ಸೆಕೆಂಡಿಗೆ 60 ಸಲವೋ ಇನ್ನೂ ಜಾಸ್ತಿಯೋ ಹೊಸದಾಗಿ ಬರೆಯುತ್ತಿರಬೇಕು. ಆಮೇಲೆ ನಿದ್ದೆ. ಹಳೇ ಜಿಎಸ್‌ಎಂ (2ಜಿ) ಫೋನು ಸುಮ್ನೆ ಬಿದ್ದಿರುವಾಗ ನಿಜಕ್ಕೂ ಮಲಗಿರುತ್ತಿತ್ತು. ಅರ್ಧದಿಂದ ಎರಡು ಸೆಕೆಂಡಿಗೊಮ್ಮೆ ಕ್ಷಣ ಮಾತ್ರ ಎದ್ದು, "ನನಗೇನಾದ್ರೂ ಕಾಲ್ ಇದೆಯಾ?" ಅಂತ ಟವರ್ ಕಡೆ ಕಿವಿಗೊಟ್ಟು ಮತ್ತೆ ಮಲಗುತ್ತಿತ್ತು. ಸ್ಮಾರ್ಟ್‌ಫೋನಿಗೆ ಆ ಭಾಗ್ಯ ಎಲ್ಲಿದೆ? ಮೇಲ್, ವಾಟ್ಸಾಪ್, ಲೊಕೇಶನ್ ಎಲ್ಲವೂ ತಟ್ಟಿ ಎಬ್ಬಿಸುತ್ತಲೇ ಇರುತ್ತವೆ. ಮಲೆನಾಡಿನಂಥ ಕಡೆ ಸಿಗ್ನಲ್ ಕಮ್ಮಿಯಾದರೆ ಇನ್ನೂ ಕಷ್ಟ. ದೂರದ ಟವರಿಗೆ ಕೇಳಿಸಬೇಕಲ್ಲ, ಫೋನು ಕೂಗಿ ಮಾತಾಡಬೇಕು. ಊರಿಗೆ ಹೋದಾಗ ಫೋನ್ ಮುಟ್ಟದಿದ್ದರೂ ಚಾರ್ಜ್ ಇಳಿಯುವುದು ಇದಕ್ಕೇ.

ಹಾಗಂತ ಹಳೆಯದನ್ನು ಹೊಗಳಿ ಅಟ್ಟಕ್ಕೇರಿಸಬೇಡಿ. ವಾರ ಬರುತ್ತಿದ್ದದ್ದು ಜೇಬಿನಲ್ಲಿ ಕೂತಿದ್ದರೆ. ಬಿಡದೆ ಮಾತಾಡಿದರೆ ಕೆಲವೇ ಗಂಟೆ. ನಾವೂ ಮಿಸ್ಡ್ ಕಾಲ್ ಕೊಟ್ಟು ಇಟ್ಟುಬಿಡುತ್ತಿದ್ದವರೇ ಅಲ್ವಾ?

ಇಲ್ಲಿಯವರೆಗೆ ಹೇಳಿದ್ದು ಚಾರ್ಜ್ ನಿಲ್ಲುವ ಮಾತು. ಬಾಳಿಕೆಯ ಲೆಕ್ಕ ಬೇರೆ, ನನಗೆ ಜಾಸ್ತಿ ಮಜಾ ಅನ್ನಿಸಿದ್ದೂ ಇದೇ. ಹಳೆಯದು, ಹೊಸದು ಎರಡರಲ್ಲೂ ಇರುವ ಲಿಥಿಯಂ-ಅಯಾನ್ ಬ್ಯಾಟರಿಯ ವಯಸ್ಸನ್ನು ಸೈಕಲ್‌ನಲ್ಲಿ ಎಣಿಸುತ್ತಾರೆ. ಪೂರ್ತಿ ಬ್ಯಾಟರಿಯಷ್ಟು ಚಾರ್ಜ್ ಖರ್ಚಾದರೆ ಒಂದು ಸೈಕಲ್. ಇವತ್ತು ಅರ್ಧ, ನಾಳೆ ಅರ್ಧ ಖರ್ಚು ಮಾಡಿದರೂ ಒಟ್ಟು ಒಂದೇ. ಪ್ಲಗ್ ಎಷ್ಟು ಸಲ ಚುಚ್ಚಿದಿರಿ ಅನ್ನುವುದು ಲೆಕ್ಕಕ್ಕಿಲ್ಲ. ಸುಮಾರು 500 ಸೈಕಲ್‌ಗೆ ಸಾಮರ್ಥ್ಯ ಶೇ 80ಕ್ಕೆ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ವಾರಕ್ಕೊಂದು ಸೈಕಲ್ ಆದರೆ ವರ್ಷಕ್ಕೆ 52, ಹೆಚ್ಚು ಕಡಿಮೆ ಹತ್ತು ವರ್ಷ. ದಿನಕ್ಕೊಂದಾದರೆ ಒಂದೂವರೆ ವರ್ಷ ಸಹ ಇಲ್ಲ. (ಬಿಸಿಲು, ಬಿಸಿ, ಸುಮ್ನೆ ಇಟ್ಟದ್ದಕ್ಕೂ ಬ್ಯಾಟರಿ ಸವೆಯುತ್ತದೆ, ಹಾಗಾಗಿ ಹತ್ತು ವರ್ಷ ಕಾಗದದ ಮೇಲಿನದು.) ಅಪರೂಪಕ್ಕೆ ಬ್ಯಾಟರಿ ಬದಲಿಸಬೇಕಿದ್ದ ಫೋನಿಗೆ ಉಗುರಲ್ಲಿ ತೆಗೆಯುವ ಕವರ್ ಇತ್ತು. ಬೇಗ ಬದಲಿಸಬೇಕಾದ ಫೋನಿಗೆ ಅಂಟು ಹಾಕಿ ಮುಚ್ಚಿದ್ದಾರೆ!

ಯಾಕೆ ಮುಚ್ಚಿದರು? ಕಳಚುವ ಬ್ಯಾಟರಿ ಕೈಯಲ್ಲಿ ಓಡಾಡುತ್ತದೆ, ಅದಕ್ಕೇ ಗಟ್ಟಿ ಕವಚ ಬೇಕು. ಒಳಗೇ ಇರುವುದಕ್ಕೆ ತೆಳು ಚೀಲದಂಥ ಹೊದಿಕೆ ಸಾಕು. ಉಳಿದ ಜಾಗಕ್ಕೆ ಇನ್ನಷ್ಟು ಎಂಎಎಚ್. ಈ ಕಾರಣ ಒಪ್ಪಬಹುದು. "ನೀರು ಒಳಗೆ ಹೋಗಬಾರದಲ್ಲ" ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. 2014ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5ನಲ್ಲಿ ಕವರ್ ಕಿತ್ತು ಬ್ಯಾಟರಿ ತೆಗೆಯಬಹುದಿತ್ತು, ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುವ ಐಪಿ67 ದರ್ಜೆಯೂ ಇತ್ತು. ಮರುವರ್ಷದ ಎಸ್6 ಗಾಜಿನ ಬೆನ್ನಿನ ಮುಚ್ಚಿದ ಫೋನು.

ಯುರೋಪಿಯನ್ ಒಕ್ಕೂಟದ ಬ್ಯಾಟರಿ ನಿಯಮದಂತೆ 2027ರ ಫೆಬ್ರವರಿ 18ರಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ಬದಲಿಸುವಂತಿರಬೇಕು. ಫೋನುಗಳಿಗೆ ಒಂದು ಕಿಂಡಿ ಬಿಟ್ಟಿದ್ದಾರೆ. 1000 ಸೈಕಲ್ ಆದಮೇಲೂ ಶೇ 80 ಉಳಿದು, ಧೂಳು ನೀರನ್ನೂ ತಡೆದರೆ ರಿಪೇರಿಯವರ ಕೈಯಲ್ಲೇ ಬದಲಿಸಿದರೂ ನಡೆಯುತ್ತದೆ. ದುಬಾರಿ ಫೋನುಗಳು ಈ ಕಿಂಡಿಯಲ್ಲೇ ನುಸುಳುತ್ತವೆ ಅಂತ ನನ್ನ ಅಂದಾಜು.

ಕವರ್ ಇಲ್ಲದ್ದರಿಂದ ಕಳೆದುಕೊಂಡ ಇನ್ನೊಂದು ವಸ್ತು ಕಣ್ಣಳತೆ. ಹಿಂದೆ ಅಂಗಡಿಯವರು ಬ್ಯಾಟರಿ ತೆಗೆದು ಗಾಜಿನ ಕೌಂಟರ್ ಮೇಲೆ ಬುಗುರಿಯಂತೆ ಒಮ್ಮೆ ತಿರುಗಿಸುತ್ತಿದ್ದರು. ಗಿರ್ರನೆ ತಿರುಗಿದರೆ ಹೊಟ್ಟೆ ಉಬ್ಬಿದೆ, ಒಳಗೆ ಗ್ಯಾಸ್ ತುಂಬಿದೆ ಅಂತ ಅರ್ಥ. ಈಗ ಅದು ಗೊತ್ತಾಗುವುದು ಪರದೆಯೋ ಹಿಂಬದಿಯೋ ಅಂಚಿನಲ್ಲಿ ಎದ್ದಾಗಲೇ. ಎದ್ದಿದ್ದರೆ ಒತ್ತಿ ಕೂರಿಸಬೇಡಿ, ಚಾರ್ಜ್‌ಗೂ ಹಾಕಬೇಡಿ, ನೇರ ರಿಪೇರಿಗೆ ಕೊಡಿ.

ಬಿಎಲ್-5ಸಿ ಮಾತ್ರ ಇನ್ನೂ ಸತ್ತಿಲ್ಲ. ನಮ್ಮ ಮನೆಯಲ್ಲಿ ಬೆಳಿಗ್ಗೆ ಸುಪ್ರಭಾತ ಹಾಡುವ ಪುಟ್ಟ ಸ್ಪೀಕರಿನ ಮುಚ್ಚಳ ತೆಗೆದು ನೋಡಿದೆ. ಒಳಗೆ ಅದೇ ಅಳತೆ, ಅದೇ ಮೂರು ಹಿತ್ತಾಳೆ ಬಣ್ಣದ ಪಟ್ಟಿ.