ಕೊತಕೊತ ಕುದಿಸಿದರೆ ಕಾಳು ಬೇಗ ಬೇಯುವುದಿಲ್ಲ

ಕಡಿಮೆ ಖರ್ಚಿನಲ್ಲಿ ಪ್ರೋಟೀನ್ ಒದಗಿಸುವ ಪದಾರ್ಥಗಳಲ್ಲಿ ಒಣ ಕಾಳಿಗೆ ಸಾಟಿಯಾದವು ಕೆಲವೇ ಕೆಲವು. ಸಾಮಾನ್ಯವಾಗಿ ಅದರ ತೂಕದ ಐದರಲ್ಲೊಂದು ಪಾಲು, ಕೆಲವದರಲ್ಲಿ ಅದಕ್ಕೂ ಹೆಚ್ಚು, ಪ್ರೋಟೀನೇ ಆಗಿರುತ್ತದೆ. ತೇವ ತಾಗದಂತೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದೂ ಇಲ್ಲ. ಆದರೆ ಕಾಳು ಕೊಳ್ಳುವಾಗ ಉಳಿಸಿದ ಹಣವನ್ನು ಅದನ್ನು ಬೇಯಿಸುವಾಗ ಒಲೆಗೆ ಸುರಿಯುವ ಮನೆಗಳು ಬಹಳ. ಉರಿ ದೊಡ್ಡದಾದಷ್ಟೂ, ನೀರು ಜೋರಾಗಿ ಕುದಿದಷ್ಟೂ ಕಾಳು ಬೇಗ ಬೇಯುತ್ತದೆ ಎಂಬ ನಂಬಿಕೆಯೇ ಇದಕ್ಕೆ ಕಾರಣ, ಮತ್ತು ಆ ನಂಬಿಕೆ ಸಂಪೂರ್ಣ ತಪ್ಪು.

ತೆರೆದ ಪಾತ್ರೆಯ ನೀರು ಕುದಿಯತೊಡಗಿದ ಮೇಲೆ ಅದರ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಆಮೇಲೆ ನಾವು ಕೊಡುವ ಹೆಚ್ಚುವರಿ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ವೆಚ್ಚವಾಗುತ್ತದೆ. 25 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಸುಮಾರು 314 ಕಿಲೋಜೂಲ್ ಸಾಕು. ಅದೇ ನೀರನ್ನು ಪೂರ್ತಿ ಆವಿಯಾಗಿಸಲು ಸುಮಾರು 2,260 ಕಿಲೋಜೂಲ್, ಅಂದರೆ ಏಳು ಪಟ್ಟು ಶಾಖ ಬೇಕು. ಮುಚ್ಚಳವಿಲ್ಲದ ಪಾತ್ರೆಯಿಂದ 200 ಮಿಲಿಲೀಟರ್‌ನಷ್ಟು ನೀರು ಆವಿಯಾಗಿ ಹೋದರೆ, ಇನ್ನೊಂದು ಲೀಟರ್ ತಣ್ಣೀರನ್ನು ಕುದಿಸಬಹುದಾಗಿದ್ದ ಇಂಧನಕ್ಕಿಂತ ಹೆಚ್ಚೇ ಅದರೊಡನೆ ಹೋಯಿತೆಂದು ತಿಳಿಯಬೇಕು. ಮುಚ್ಚಳ ಮುಚ್ಚಿದಾಗ ಆ ಆವಿ ಮುಚ್ಚಳದ ಒಳಮೈಯಲ್ಲಿ ಹನಿಗಟ್ಟಿ ಮರಳಿ ಪಾತ್ರೆಗೇ ಇಳಿಯುತ್ತದೆ. ತಾನು ಹೊತ್ತಿದ್ದ ಶಾಖದ ಬಹುಪಾಲನ್ನು ಅಲ್ಲಿಯೇ ಬಿಟ್ಟುಕೊಡುತ್ತದೆ. ನೊರೆ ಉಕ್ಕುತ್ತದೆಂದು ಮುಚ್ಚಳ ತೆಗೆದಿಡುವವರಿದ್ದಾರೆ. ಉಕ್ಕುವುದಕ್ಕೆ ಕಾರಣ ಉರಿಯೇ ಹೊರತು ಮುಚ್ಚಳವಲ್ಲ. ನೀರಿನಲ್ಲಿ ಅಲ್ಲಲ್ಲಿ ಒಂದೊಂದು ಗುಳ್ಳೆ ಏಳುವಷ್ಟಕ್ಕೆ ಉರಿಯನ್ನು ತಗ್ಗಿಸಿದರೆ ನೊರೆಯೂ ತಾನಾಗಿ ಇಳಿಯುತ್ತದೆ.

ಆವಿಯೊಳಗೆ ಅಡಗಿ ಕುಳಿತ ಈ ಶಾಖವನ್ನು 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋದ ಜೋಸೆಫ್ ಬ್ಲ್ಯಾಕ್ ಗುರುತಿಸಿ, ಅಳೆದು ತೋರಿಸಿದರು. ಗುಪ್ತೋಷ್ಣವೆಂದು ನಾವು ಶಾಲೆಯಲ್ಲಿ ಓದಿದ್ದು ಇದನ್ನೇ. ಅದನ್ನು ಅಡುಗೆಮನೆಗೆ ಅನ್ವಯಿಸಿದ ಶ್ರೇಯಸ್ಸು ಬೆಂಜಮಿನ್ ಥಾಂಪ್ಸನ್, ಅಂದರೆ ಕೌಂಟ್ ರಮ್‌ಫರ್ಡ್ ಅವರಿಗೆ ಸಲ್ಲಬೇಕು. ಫಿರಂಗಿಯ ಕೊಳವೆ ಕೊರೆಯುವಾಗ ಹುಟ್ಟುವ ಶಾಖವನ್ನು ಪರೀಕ್ಷಿಸಿ 1798ರಲ್ಲಿ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದವರೆಂದೇ ಅವರು ಪ್ರಸಿದ್ಧರು. ಆದರೆ ಮ್ಯೂನಿಕ್ ನಗರದಲ್ಲಿ ಬಡವರಿಗಾಗಿ ಬಟಾಣಿ ಮತ್ತು ಬಾರ್ಲಿಯ ಸೂಪನ್ನು ಭಾರಿ ಪ್ರಮಾಣದಲ್ಲಿ ಬೇಯಿಸುವ ವ್ಯವಸ್ಥೆ ಮಾಡಿದವರೂ ಅವರೇ. ಅಡುಗೆಯನ್ನು ಬೇಯಿಸುವುದು ಶಾಖವೇ ಹೊರತು ಕುದಿತದ ಆರ್ಭಟವಲ್ಲ, ರಭಸದಿಂದ ಕುದಿಸುವುದು ಇಂಧನದ ದುಂದು ಮಾತ್ರ ಎಂದು ಅವರು ಅಂದೇ ಸ್ಪಷ್ಟವಾಗಿ ಬರೆದಿಟ್ಟರು. ಇನ್ನೂರು ವರ್ಷ ಕಳೆದರೂ ಈ ಮಾತು ನಮ್ಮ ಒಲೆಗಳ ತನಕ ತಲುಪಿಲ್ಲವೆಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹಾಗಾದರೆ ಕಾಳು ಮೆತ್ತಗಾಗುವುದು ಹೇಗೆ? ಸಸ್ಯದ ಜೀವಕೋಶಗಳು ಇಟ್ಟಿಗೆಗಳಾದರೆ ಅವುಗಳ ನಡುವಿನ ಗಾರೆಯೇ ಪೆಕ್ಟಿನ್. ಈ ಪೆಕ್ಟಿನ್ ಉದ್ದನೆಯ ಸರಪಣಿಯಂತಹ ಅಣುಗಳ ಗುಂಪು. ಅವುಗಳ ಮೈಮೇಲೆ ಅಲ್ಲಲ್ಲಿ ಋಣ ವಿದ್ಯುದಾವೇಶವಿರುತ್ತದೆ. ಕ್ಯಾಲ್ಸಿಯಂ ಅಯಾನಿಗೆ ಎರಡು ಧನ ಆವೇಶಗಳಿರುವುದರಿಂದ ಅದು ಅಕ್ಕಪಕ್ಕದ ಎರಡು ಸರಪಣಿಗಳನ್ನು ಒಟ್ಟಿಗೆ ಹಿಡಿದು ಬಿಗಿಯುತ್ತದೆ. ಗಡಸು ನೀರಿನಲ್ಲಿ ಕಾಳು ಎಷ್ಟು ಹೊತ್ತಾದರೂ ಬೇಯದಿರುವುದಕ್ಕೆ ಆ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂಗಳೇ ಹೊಣೆ. ಉಪ್ಪಿನಲ್ಲಿರುವ ಸೋಡಿಯಂಗೆ ಇರುವುದು ಒಂದೇ ಆವೇಶ. ಅದು ಕ್ಯಾಲ್ಸಿಯಂನ ಜಾಗವನ್ನು ಆಕ್ರಮಿಸಿಕೊಳ್ಳಬಲ್ಲದು, ಆದರೆ ಎರಡು ಸರಪಣಿಗಳನ್ನು ಬೆಸೆಯಲಾರದು. ಆದ್ದರಿಂದ ಕಟ್ಟು ಸಡಿಲವಾಗುತ್ತದೆ. ಮೊದಲೇ ಉಪ್ಪು ಹಾಕಿದರೆ ಕಾಳು ಬೇಯುವುದೇ ಇಲ್ಲವೆಂದು ಎಲ್ಲೆಡೆ ಹೇಳುವುದುಂಟು. ವಾಸ್ತವ ಇದಕ್ಕೆ ತದ್ವಿರುದ್ಧವಾಗಿದೆ: ಲೀಟರ್ ನೀರಿಗೆ 10ರಿಂದ 15 ಗ್ರಾಂ ಉಪ್ಪು ಬೆರೆಸಿ ರಾತ್ರಿಯಿಡೀ ನೆನೆಸಿ, ಆ ನೀರನ್ನು ಬಸಿದು ಬೇಯಿಸಿದ ಕಾಳಿನ ಸಿಪ್ಪೆ ಬೇಗ ಮೆದುವಾಗುತ್ತದೆ, ಒಡೆದು ಸುಲಿಯುವುದೂ ಕಡಿಮೆ.

ನೆನೆಯುವಾಗ ಕಾಳನ್ನು ಒಮ್ಮೆ ಗಮನಿಸಿ ನೋಡಬೇಕು. ಮೊದಲು ಉಬ್ಬುವುದು ಕಾಳಲ್ಲ, ಸಿಪ್ಪೆ. ಕಾಳು ಕಾಯಿಗೆ ಅಂಟಿಕೊಂಡಿದ್ದ ಕಡೆ ಒಂದು ಚಿಕ್ಕ ಕಲೆ ಇರುತ್ತದೆ. ನೀರು ಹೆಚ್ಚಾಗಿ ಅದರ ಆಸುಪಾಸಿನಿಂದಲೇ ಒಳಗಿಳಿಯುತ್ತದೆ. ಸಿಪ್ಪೆ ಹಿಗ್ಗಿ ಮೈತುಂಬ ನೆರಿಗೆ ಬೀಳುತ್ತದೆ. ಒಳಗಿನ ಬೇಳೆ ನಿಧಾನವಾಗಿ ನೀರು ಹೀರಿ ಹಿಗ್ಗಿದ ಮೇಲೆ ಆ ನೆರಿಗೆಗಳೆಲ್ಲ ಮಾಯವಾಗುತ್ತವೆ. ನೆರಿಗೆ ಇನ್ನೂ ಉಳಿದಿದ್ದರೆ ನೆನೆದದ್ದು ಸಾಲದು ಎಂದರ್ಥ.

ಹುಳಿಯ ಪರಿಣಾಮ ಉಪ್ಪಿನದಕ್ಕೆ ವಿರುದ್ಧ. ಆಮ್ಲೀಯ ನೀರಿನಲ್ಲಿ ಪೆಕ್ಟಿನ್ ಕರಗುವುದು ತಡವಾಗುವುದರಿಂದ ಕಾಳು ಬೆಂದ ಮೇಲೆಯೇ ಹುಳಿ ಸೇರಿಸುವುದು ಸರಿ. ಅಡುಗೆ ಸೋಡ ಹಾಕಿದರೆ ಬೇಗ ಬೇಯುವುದು ನಿಜವಾದರೂ ಚಿಟಿಕೆ ಮೀರಿದರೆ ಸೋಪಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ನಾಶವಾಗುತ್ತದೆ.

100 ಡಿಗ್ರಿಯ ಮಿತಿಯನ್ನು ದಾಟಲು ಇರುವ ದಾರಿ ಒತ್ತಡ. ಡೆನಿಸ್ ಪಾಪಿನ್ 1679ರಲ್ಲಿ ಲಂಡನ್ನಿನಲ್ಲಿ ತೋರಿಸಿದ, ಮೂಳೆಯನ್ನೂ ಮೆತ್ತಗೆ ಮಾಡುವ ಬಿಗಿ ಮುಚ್ಚಳದ ಪಾತ್ರೆಯೇ ಇಂದಿನ ಕುಕ್ಕರಿನ ಪೂರ್ವಜ. ಕುಕ್ಕರಿನೊಳಗೆ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ. ಆದರೆ ಸೀಟಿ ಹೊಡೆಯುವುದೆಂದರೆ ಒತ್ತಡ ಮಿತಿಯನ್ನು ಮುಟ್ಟಿ, ಹೆಚ್ಚಾದ ಆವಿ ಹೊರಬೀಳುತ್ತಿದೆ ಎಂದು. ಆದ್ದರಿಂದ ಮೊದಲ ಸೀಟಿಯಾದ ಕೂಡಲೇ ಉರಿ ಸಣ್ಣದು ಮಾಡಿ, ಆಮೇಲೆ ಸೀಟಿಗಳ ಬದಲು ನಿಮಿಷಗಳನ್ನು ಲೆಕ್ಕ ಹಾಕಬೇಕು.

ಕುಕ್ಕರ್ ಇಲ್ಲದವರಿಗೂ ಒಂದು ಹಳೆಯ ಉಪಾಯವಿದೆ. ಕುದಿದ ಪಾತ್ರೆಯನ್ನು ಮುಚ್ಚಳದ ಸಮೇತ ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟೋ ದಪ್ಪ ಕಂಬಳಿಯಲ್ಲಿ ಸುತ್ತಿಟ್ಟೋ, ಉರಿಯಿಲ್ಲದೆ ತನ್ನದೇ ಬಿಸಿಯಲ್ಲಿ ಬೇಯಲು ಬಿಡುವುದು. 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ನಾರ್ವೆಯವರು ಇಂಥ ಪೆಟ್ಟಿಗೆಯೊಂದನ್ನು ಪ್ರದರ್ಶಿಸಿದ್ದರು. ಮಹಾಯುದ್ಧಗಳ ಕಾಲದಲ್ಲಿ ಇಂಧನದ ಕೊರತೆ ಬಿದ್ದಾಗ ಯುರೋಪಿನಲ್ಲಿ ಇದಕ್ಕೆ ಪ್ರೋತ್ಸಾಹ ಸಿಕ್ಕಿತು. ಪಾತ್ರೆ ದೊಡ್ಡದಾಗಿದ್ದು ಅದರ ತುಂಬ ಪದಾರ್ಥವಿದ್ದಷ್ಟೂ ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ. ಆಹಾರ 60 ಡಿಗ್ರಿಗಿಂತ ಕೆಳಗಿಳಿದು ಗಂಟೆಗಟ್ಟಲೆ ಹಾಗೆಯೇ ಕೂತರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದರಿಂದ, ಬಡಿಸುವ ಮುನ್ನ ಮತ್ತೊಮ್ಮೆ ಕುದಿಸಬೇಕು. ರಾಜ್ಮಾದ ವಿಷಯದಲ್ಲಂತೂ ಇಂಧನದ ಲೋಭ ಸಲ್ಲದು: ಅದರಲ್ಲಿರುವ ಒಂದು ಬಗೆಯ ಲೆಕ್ಟಿನ್ ವಾಂತಿಭೇದಿ ತರುತ್ತದೆ, ಮತ್ತು ಸುಮಾರು 80 ಡಿಗ್ರಿಯ ಅರೆಬಿಸಿಯಲ್ಲಿ ಅದು ನಾಶವಾಗುವುದಿಲ್ಲ. ಕನಿಷ್ಠ ಐದು ಗಂಟೆ ನೆನೆಸಿ, ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಹತ್ತು ನಿಮಿಷವಾದರೂ, ಸಾಧ್ಯವಾದರೆ ಅರ್ಧ ಗಂಟೆ, ಚೆನ್ನಾಗಿ ಕುದಿಸಿದ ನಂತರವೇ ಅದನ್ನು ಪೆಟ್ಟಿಗೆಗೆ ಸೇರಿಸಬೇಕು.