ಉಸಿರು ಪಳಗುವ ಬಗೆ

ಶಿವಮೊಗ್ಗದ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಬೆಳಿಗ್ಗೆ ಯೋಗ ತರಗತಿ ನಡೆಯುತ್ತದೆ. ಪ್ರಾಣಾಯಾಮ ಶುರುವಾಗುವ ಹೊತ್ತಿಗೆ ಪ್ರತಿದಿನವೂ ಒಂದು ಮಾತು ಕಿವಿಗೆ ಬೀಳುತ್ತದೆ: ‘ದೀರ್ಘವಾಗಿ ಉಸಿರೆಳೆದರೆ ರಕ್ತಕ್ಕೆ ಹೆಚ್ಚು ಆಮ್ಲಜನಕ ಸೇರುತ್ತದೆ.’ ಈ ಮಾತು ಸರಿಯಲ್ಲ. ರಕ್ತದಲ್ಲಿನ ಆಮ್ಲಜನಕದ ಶೇಕಡಾ ಪ್ರಮಾಣ ತೋರಿಸುವ, ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿಕೊಂಡೇ ನಾನು ಅಭ್ಯಾಸಕ್ಕೆ ಕುಳಿತು ನೋಡಿದ್ದೇನೆ. ಮೊದಲು 98 ಇದ್ದ ಅಂಕಿ ಕಾಲು ಗಂಟೆಯ ನಂತರವೂ 98 ಆಗಿಯೇ ಇತ್ತು. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಆರೋಗ್ಯವಂತರಲ್ಲಿ ಸಾಧಾರಣ ಉಸಿರಾಟದಲ್ಲೇ ಶೇ 95ಕ್ಕಿಂತ ಹೆಚ್ಚು ತುಂಬಿರುತ್ತದೆ, ತುಂಬಿದ ಕೊಡಕ್ಕೆ ಮತ್ತೆಷ್ಟು ನೀರು ಸುರಿಯಲಾದೀತು? ರಭಸದಿಂದ ಉಸಿರಾಡಿದಾಗ ದೇಹ ಕಳೆದುಕೊಳ್ಳುವುದು ಇಂಗಾಲದ ಡೈಆಕ್ಸೈಡನ್ನು. ಅದು ಇಳಿದಂತೆ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಸುತ್ತುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಇದನ್ನೇ ಶಕ್ತಿಸಂಚಾರವೆಂದು ನಂಬಿ ಇನ್ನಷ್ಟು ರಭಸ ಮಾಡುವವರನ್ನು ಕಂಡಾಗ ನನಗೆ ಆತಂಕವಾಗುತ್ತದೆ.

ಹಾಗೆಂದು ಪ್ರಾಣಾಯಾಮದ ಶಾಂತಿ ಸುಳ್ಳಲ್ಲ, ಅದರ ದಾರಿ ಬೇರೆ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಿಧಾನವಾಗಿ ಉಸಿರಾಡಿದರೆ, ಎಳೆಯುವಾಗ ನಾಡಿಯ ಬಡಿತಗಳು ಒತ್ತೊತ್ತಾಗುವುದೂ ಬಿಡುವಾಗ ಒಂದಕ್ಕೊಂದು ದೂರವಾಗುವುದೂ ಅನೇಕರಿಗೆ ತಿಳಿಯುತ್ತದೆ. ಜರ್ಮನಿಯ ಶರೀರಕ್ರಿಯಾ ವಿಜ್ಞಾನಿ ಕಾರ್ಲ್ ಲುಡ್ವಿಗ್ 1847ರಷ್ಟು ಹಿಂದೆಯೇ ಈ ಏರಿಳಿತವನ್ನು ದಾಖಲಿಸಿದ್ದರು. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಅದನ್ನು 70ರ ಆಸುಪಾಸಿಗೆ ತಂದು ನಿಲ್ಲಿಸುವುದು ಮಿದುಳುಕಾಂಡದಿಂದ ಇಳಿದುಬರುವ ವೇಗಸ್ ನರ. ಆಗುಂಬೆ ಘಾಟಿ ಇಳಿಯುವ ಬಸ್ಸಿನ ಚಾಲಕರು ಬ್ರೇಕನ್ನು ತಿರುವಿಗೆ ತಕ್ಕಂತೆ ಒತ್ತಿ ಸಡಿಲಿಸುವ ಹಾಗೆ, ಈ ನರ ಉಸಿರೆಳೆದಾಗ ಹಿಡಿತ ಸಡಿಲಿಸಿ, ಬಿಟ್ಟಾಗ ಬಿಗಿಗೊಳಿಸುತ್ತದೆ. ನಿಮಿಷಕ್ಕೆ 12ರಿಂದ 20 ಇರುವ ಉಸಿರನ್ನು ಸುಮಾರು 6ಕ್ಕೆ ಇಳಿಸಿದಾಗ ಮತ್ತೊಂದು ಚಂದದ ಸಂಗತಿ ನಡೆಯುತ್ತದೆ: ರಕ್ತದೊತ್ತಡವನ್ನು ಸರಿದೂಗಿಸುವ ವ್ಯವಸ್ಥೆಗೂ ಸುಮಾರು ಹತ್ತು ಸೆಕೆಂಡುಗಳ ಲಯವೊಂದಿರುವುದರಿಂದ, ಜೋಕಾಲಿಯನ್ನು ಸರಿಯಾದ ಗಳಿಗೆಯಲ್ಲಿ ತಳ್ಳಿದಂತೆ ಎರಡೂ ಲಯಗಳು ಕೂಡಿಕೊಂಡು ನಾಡಿಯ ಏರಿಳಿತ ಅತ್ಯಂತ ಹಿಗ್ಗುತ್ತದೆ.

ಹಠಯೋಗವೆಂದರೆ ಮೈ ಬಾಗಿಸುವುದೆಂದೇ ಇಂದು ಹಲವರ ತಿಳಿವಳಿಕೆ. 15ನೇ ಶತಮಾನದಲ್ಲಿ ಸ್ವಾತ್ಮಾರಾಮ ಬರೆದ ‘ಹಠಯೋಗ ಪ್ರದೀಪಿಕೆ’ ವಿವರಿಸುವ ಆಸನಗಳು 15 ಮಾತ್ರ, ಅವುಗಳಲ್ಲಿ ಸೂರ್ಯನಮಸ್ಕಾರವಿಲ್ಲ. ಇಂದಿನ ಬೆವರಿಳಿಸುವ ಆಸನಸರಣಿಗಳಿಗೆ 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಟಿ. ಕೃಷ್ಣಮಾಚಾರ್ಯರು ಕಲಿಸಿದ ಪಾಠ ದೊಡ್ಡ ಮೂಲ. ಹಳೆಯ ಗ್ರಂಥದ ಎರಡನೆಯ ಅಧ್ಯಾಯ ಹಿಡಿದಿರುವುದು ಉಸಿರನ್ನು. ಸಿಂಹ, ಆನೆ, ಹುಲಿಗಳು ಮೆಲ್ಲಮೆಲ್ಲನೆ ವಶವಾಗುವಂತೆ ಪ್ರಾಣವಾಯುವೂ ಪಳಗುತ್ತದೆ, ಅವಸರಿಸಿದರೆ ಸಾಧಕನನ್ನೇ ಕೊಲ್ಲುತ್ತದೆ ಎನ್ನುತ್ತದೆ ಅಲ್ಲಿನ ಶ್ಲೋಕ. ಸಿಂಹ, ಹುಲಿಗಳನ್ನು ನಮ್ಮೂರ ಬಳಿಯ ತ್ಯಾವರೆಕೊಪ್ಪದ ಸಫಾರಿಯಲ್ಲಿ ದೂರದಿಂದಷ್ಟೇ ನೋಡಬಹುದು. ಆನೆಯ ಮಾತು ಅರ್ಥವಾಗಬೇಕಾದರೆ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಬೇಕು. ಅಲ್ಲಿ ತುಂಗೆಯ ಹಿನ್ನೀರಿನಲ್ಲಿ ಮಲಗಿದ ಆನೆಯ ಮೈಯುಜ್ಜುವ ಮಾವುತರಿಗೆ ಯಾವ ಆತುರವೂ ಇರುವುದಿಲ್ಲ.

ನಮ್ಮ ತರಗತಿಯಲ್ಲಿ ರಕ್ತದೊತ್ತಡವಿರುವ ಹಿರಿಯರು ಮೊದಲ ವಾರದಲ್ಲೇ ಕುಂಭಕದ, ಅಂದರೆ ಉಸಿರು ಹಿಡಿದಿಡುವ, ಎಣಿಕೆ ಏರಿಸಲು ಪಣತೊಡುತ್ತಾರೆ. ಎಣಿಕೆಯನ್ನು ಸದ್ಯಕ್ಕೆ ಬಿಡಿ, ಹೊರಹೋಗುವ ಉಸಿರನ್ನು ಮಾತ್ರ ಸ್ವಲ್ಪ ಉದ್ದ ಮಾಡಿ, ಮಣಿಕಟ್ಟು ಹಿಡಿದು ನೋಡಿ ಎಂದು ನಾನು ಅವರ ಪಕ್ಕದಲ್ಲಿ ಕುಳಿತು ಹೇಳುತ್ತೇನೆ.